ಬಟ್ಟೆ ಸುತ್ತಿದ ದೀಪ

ಪುರಸಭೆ ಅಧ್ಯಕ್ಷರಾದ ನಂಜುಂಡೇಶ್ ಅವರಿಗೆ,

ಸಂಜೆ ಏಳು ಗಂಟೆ. ಮಧ್ಯಾಹ್ನ ನಿಮ್ಮ ಸದಸ್ಯರು ಹಾರ ಹಿಡಿದು ಮನೆಗೆ ಬಂದಿದ್ದರು. ಶಾಸಕರು ಉದ್ಘಾಟಿಸಲಿ ಎಂದು ನಮ್ಮ ಬೀದಿಯ ಹೊಸ ಸೋಲಾರ್ ದೀಪಕ್ಕೆ ಬಟ್ಟೆ ಸುತ್ತಿಸಿಟ್ಟವರು ನೀವು. ಅದರ ಬುಡದಲ್ಲೇ, ಕತ್ತಲಲ್ಲಿ, ನನ್ನ ಯಜಮಾನರು ತೆರೆದ ಚರಂಡಿಗೆ ಬಿದ್ದು ತೀರಿಕೊಂಡರು. ಈಗ ಆ ದೀಪಕ್ಕೆ ಅವರ ಹೆಸರಿಡುತ್ತೀರಂತೆ.

"ಶಾಸಕರ ಜೊತೆ ಬಟ್ಟೆ ನೀವೇ ಎಳೀರಂತೆ ಕಣಮ್ಮ. ನಿಮ್ಮನ್ನ ಪುರಸಭೆಗೆ ನಾಮಿನಿ ಮೆಂಬರ್ ಮಾಡಿಸ್ತೀವಿ. ಪೇಪರ್‌ನೋರ್ಗೆ ಮಾತ್ರ ಏನೂ ಹೇಳ್ಬೇಡಿ" ಅಂದರು.

ಕೇಳಿ ಹೇಸಿಗೆಯಾಯಿತು. ಹಾರವನ್ನು ಹಿಂದಕ್ಕೆ ಕಳಿಸಿದ್ದೇನೆ. ನಿಮ್ಮ ಸದಸ್ಯತ್ವ ನನಗೆ ಬೇಡ, ನನ್ನ ಯಜಮಾನರ ಹೆಸರನ್ನೂ ಮುಟ್ಟಬೇಡಿ. ಇವತ್ತೇ ಆ ಬಟ್ಟೆ ಬಿಚ್ಚಿಸಿ, ಚರಂಡಿಗೆ ಕಲ್ಲುಚಪ್ಪಡಿ ಹಾಕಿಸಿ.

ನಾಳೆ ಅವರ ಹನ್ನೊಂದನೇ ದಿನದ ಕಾರ್ಯ. ಹೊಸ ಅಗ್ರಹಾರದ ನೆಂಟರು ಬೆಳಕು ಹರಿಯುವ ಮೊದಲೇ ಈ ಬೀದಿಯಲ್ಲಿ ನಡೆದು ಬರುತ್ತಾರೆ.

ಇಂತಿ,
ಶಿವರುದ್ರಮ್ಮ