ಇನ್ನೊಂಚೂರು ಉರಿ

ಮಾರ್ಚ್ 3, ಬೆಳಿಗ್ಗೆ 6.40
ಇವತ್ತೂ ಟೀ ಕಷಾಯ. ಶ್ರೀಯುತರ ಕೈಗೆ ಒಲೆ ಕೊಟ್ಟರೆ ಇಳಿಸುವ ಮಾತೇ ಇಲ್ಲ. "ಇನ್ನೊಂಚೂರು ಕುದೀಲಿ ಬಿಡೇ, ಗಟ್ಟಿಯಾಗುತ್ತೆ." ಮದುವೆಯಾಗಿ ಹನ್ನೊಂದು ವರ್ಷ. ಕುಡಿದೆ. ಬದುಕಿದ್ದೇನೆ.

ಇಬ್ಬರಿಗೂ ಒಂದೇ ಕಾರ್ಖಾನೆ. ಅವರು ಕೆಳಗೆ ಫ್ರಿಜ್ಜಿನ ಕೊಳವೆಗಳಿಗೆ ಗ್ಯಾಸ್ ಉರಿಯಲ್ಲಿ ಬೆಸುಗೆ ಹಾಕುತ್ತಾರೆ — ತಾಮ್ರಕ್ಕೂ ಅಲ್ಯೂಮಿನಿಯಮ್ಮಿಗೂ. ನಾನು ಮೇಲೆ ಲ್ಯಾಬಿನಲ್ಲಿ ಅವನ್ನೇ ಮೆಷಿನ್‌ಗೆ ಕಟ್ಟಿ ತುಂಡಾಗುವವರೆಗೆ ಎಳೆಯುತ್ತೇನೆ. ಹರಿಯಬೇಕಾದದ್ದು ಕೊಳವೆ. ಬೆಸುಗೆಯೇ ಬಿಟ್ಟುಕೊಂಡರೆ ಫೇಲ್. ಸಂಸಾರಗಳಿಗೆ ಇಂಥ ಮೆಷಿನ್ ಇನ್ನೂ ಬಂದಿಲ್ಲ, ಪುಣ್ಯ.

ಮಾರ್ಚ್ 5
ಐದಕ್ಕೆ ನಾಲ್ಕು ಬೆಸುಗೆಯಲ್ಲೇ ಟಕ್ಕೆಂದವು. ಎಲ್ಲವೂ ಶ್ರೀಯುತರ ಕೈಯವು. ಫೇಲ್ ಎಂದು ಬರೆದು ಸಹಿ ಹಾಕಿದೆ. ಪೆನ್ನು ಮೂಡಲಿಲ್ಲ, ಎರಡು ಸಲ ತಿದ್ದಿದೆ.

ರಾತ್ರಿ ಊಟಕ್ಕೆ ಕೂತೆವು. ಅನ್ನ ಕಲಸುತ್ತಾ ಶ್ರೀಯುತರು — "ಸಹಿ ಮಾತ್ರ ಮುದ್ದಾಗಿತ್ತು ಕಣೇ."

ಮಾರ್ಚ್ 11
ಮತ್ತೆ ಫೇಲ್. ಈ ಸಲ ಐದಕ್ಕೆ ಐದು.

ಮೇಸ್ತ್ರಿ ಮೇಲೆ ಬಂದರು. "ಇನ್ನೊಂದ್ಸಲ ಹೀಗಾದ್ರೆ ಪ್ಯಾಕಿಂಗಿಗೆ ಹಾಕ್ಬೇಕಾಗುತ್ತಮ್ಮ. ನಿಮ್ಮನೆಯವ್ರು ಅಂತ ನಾನೇನ್ ಮಾಡ್ಲಿ?"

ಹತ್ತೊಂಬತ್ತು ವರ್ಷ ಉರಿ ಹಿಡಿದ ಕೈಗೆ ರಟ್ಟಿನ ಡಬ್ಬ! ಅವರಿಗೆ ಉಡುಗೊರೆಗೆ ಕಾಗದ ಸುತ್ತಲೂ ಬರುವುದಿಲ್ಲ...

ಮಾರ್ಚ್ 12
ಫೇಲಾದ ಬೆಸುಗೆಯೊಂದನ್ನು ಕತ್ತರಿಸಿ, ಕನ್ನಡಿಯಾಗುವಷ್ಟು ಉಜ್ಜಿ ಮೈಕ್ರೋಸ್ಕೋಪಿನಡಿ ಇಟ್ಟೆ. ಎರಡು ಲೋಹ ಕೂಡುವಲ್ಲಿ ಒಂದು ಬೂದು ಪದರ ಹುಟ್ಟುತ್ತದೆ. ತೆಳುವಾಗಿದ್ದರೆ ಅದೇ ಹಿಡಿತ. ದಪ್ಪವಾದರೆ ಗಾಜಿನ ಹಾಗೆ ಒಡೆಯುತ್ತದೆ. ಮೂರು ಮೈಕ್ರಾನ್ ಇರಬೇಕಾದಲ್ಲಿ ಹದಿನಾಲ್ಕು! ಅಂದರೆ ಉರಿ ಹೆಚ್ಚು ಹೊತ್ತು ನಿಂತಿದೆ.

ಉರಿ ಹೆಚ್ಚು ಹೊತ್ತು... ಇದನ್ನೇ ಅಲ್ಲವೆ ನಾನು ದಿನಾ ಬೆಳಿಗ್ಗೆ ಕುಡಿಯುತ್ತಿರುವುದು?

ಮಾರ್ಚ್ 13
ಕಂಬದ ಮರೆಯಲ್ಲಿ ಪತ್ತೇದಾರಿ. ಕೈಯಲ್ಲಿ ಸ್ಟಾಪ್‌ವಾಚ್. ಮಾಮೂಲಿ ಪೀಸುಗಳಿಗೆ ಎಂಟೇ ಸೆಕೆಂಡು, ಉರಿ ಹಿಂದಕ್ಕೆ. ಗಡಿಯಾರ ಸೋಲಬೇಕು. ಆಮೇಲೆ 'ಲ್ಯಾಬ್' ಎಂದು ಚೀಟಿ ಕಟ್ಟಿದ ಪೀಸು ಬಂತು. ಶ್ರೀಯುತರು ಅಂಗಿ ಸರಿಮಾಡಿಕೊಂಡರು. ಉರಿ ಹಿಡಿದರು. ಹದಿನೈದು ಸೆಕೆಂಡು!

"ಯಾಕ್ರೀ?"

ಬೆಚ್ಚಿಬಿದ್ದರು. "ನೀನ್ ನೋಡೋ ಪೀಸಲ್ವೇನೇ... ಇನ್ನೊಂಚೂರು ಗಟ್ಟಿಯಾಗ್ಲಿ ಅಂತ."

ಬೈಯಲು ಬಾಯಿ ತೆರೆದೆ. ಬೈಗುಳ ಕೈಕೊಟ್ಟಿತು. "ಗಟ್ಟಿಯಾಗಲ್ಲ ರೀ, ಪೆಡಸಾಗುತ್ತೆ" ಅಂದೆ, ಅಷ್ಟೆ.

ಮೇಸ್ತ್ರಿಗೆ ಹೇಳಿ ಬಂದೆ — ಇನ್ನು ಚೀಟಿ ಬೇಡ. ಅವರು ಮುಗಿಸಿದ ರಾಶಿಯಿಂದ ನಾನೇ ಎತ್ತಿಕೊಳ್ಳುತ್ತೇನೆ.

ಮಾರ್ಚ್ 19, ಸಂಜೆ
ರಾಶಿಯ ತಳದಿಂದ ಐದು ಎತ್ತಿದೆ. ಮೇಸ್ತ್ರಿ ಪಕ್ಕದಲ್ಲೇ ಇದ್ದರು. ಮೊದಲನೆಯದು — ಕೊಳವೆ ಹರಿಯಿತು. ಎರಡು, ಮೂರು, ನಾಲ್ಕು — ಕೊಳವೆ. ಐದನೆಯದಕ್ಕೆ ಕಣ್ಣು ಮುಚ್ಚಿಕೊಂಡೆ. ಪರೀಕ್ಷಕಿಗೆ ಶೋಭಿಸದ ಕೆಲಸ.

"ಕಣ್ ಬಿಡಮ್ಮ, ಕೊಳವೇನೇ ಹರೀತು."

ಸಹಿ ಒಂದೇ ಸಲಕ್ಕೆ ಮೂಡಿತು.

ಮಾರ್ಚ್ 20, ಬೆಳಿಗ್ಗೆ 6.40
ಅಡುಗೆಮನೆಯಲ್ಲಿ ಎಣಿಸುವ ಸದ್ದು. "...ಆರು, ಏಳು, ಎಂಟು." ಒಲೆ ಆರಿತು. "ಇಳಿಸ್ದೆ ಕಣೇ!"

ಲೋಟ ಬಂತು. ಬಿಸಿನೀರು, ಹಾಲು, ಸಕ್ಕರೆ. ಟೀ ಇನ್ನೂ ದಾರಿಯಲ್ಲಿದೆ. ಎದುರಿಗೇ ನಿಂತಿದ್ದಾರೆ, ರಿಪೋರ್ಟಿಗೆ ಕಾಯುವವರ ಹಾಗೆ. ಒಂದು ಗುಟುಕು ಕುಡಿದು ಪಾಸು ಅಂದೆ. ಸುಳ್ಳು ರಿಪೋರ್ಟು, ಜೀವಮಾನದಲ್ಲಿ ಮೊದಲ— ಅಯ್ಯೋ, ಇವರು ಬಗ್ಗಿ ಇದನ್ನೇ ಓದ್ತಿದ್ದಾ—