ಖಣಿ ಓಣಿಯ ಮೂವತ್ತನಾಲ್ಕು ಕಾಗದಗಳು

ಹಾಲಗಡಲಿ
ಎರಡನೇ ಬೇಸಿಗೆಯ ಹನ್ನೊಂದನೇ ದಿನ, 2231

ಖಣಿ ಓಣಿಯ ಮುತ್ಯಾಗಳಿಗೂ ಆಯಿಗಳಿಗೂ ದಾನಮ್ಮ ಕಟ್ಟಿಮನಿಯ ನಮಸ್ಕಾರಗಳು.

ವರ್ಷಕ್ಕೆ ಎರಡು ಬೇಸಿಗೆ ಎಂದರೆ ನಿಮಗೆ ವಿಚಿತ್ರವೆನಿಸಬಹುದು. ನನ್ನ ಇನ್ನೂ ಕೆಲವು ಮಾತುಗಳು ಹಾಗೆಯೇ ಇರುತ್ತವೆ, ಮನ್ನಿಸಿ. ನಾನು ಊರಿನ ಕಂಪನ ದಾಖಲೆಗಳನ್ನು ನೋಡಿಕೊಳ್ಳುವವಳು. ಎಷ್ಟೋ ತಲೆಮಾರುಗಳ ಹಿಂದೆ, ನಿಮ್ಮ ಕಾಲದಲ್ಲಿ, ಇಲ್ಲಿ ಒಂದು ಮಧ್ಯಾಹ್ನ ಸಣ್ಣ ಭೂಕಂಪವಾಯಿತು. ಅಳೆಯುವ ಯಂತ್ರ ಹತ್ತಿರದಲ್ಲಿರಲಿಲ್ಲ. ಅಧಿಕಾರಿಗಳು ಮನೆಮನೆಗೆ ಕಾಗದ ಹಂಚಿ, ನೆಲ ನಡುಗಿತೇ, ಏನು ಬಿತ್ತು ಎಂದು ಕೇಳಿದರು. ಊರೆಲ್ಲ ‘ಹೌದು’ ಎಂದಿತು. ಕಲ್ಲಿನ ಖಣಿಯ ಪಕ್ಕದ ನಿಮ್ಮ ಓಣಿಯ ಮೂವತ್ತನಾಲ್ಕು ಮನೆಗಳು ಮಾತ್ರ ‘ಇಲ್ಲ’ ಎಂದು ಬರೆದವು. ಖಣಿಯಲ್ಲಿ ದಿನವೂ ಅದೇ ಹೊತ್ತಿಗೆ ಮದ್ದು ಹಾರಿಸಿ ಕಲ್ಲು ಸೀಳುತ್ತಿದ್ದರು. “ಖಣ್ಯಾಗ ಮದ್ದ ಹಾರಿಸ್ಯಾರ್ರಿ, ದಿನಾ ಇದ್ದದ್ದೇ. ಅದಕ್ಯಾಕ ಕಾಗದ?” ಎಂದು ಒಬ್ಬರು ಅಂಚಿನಲ್ಲಿ ಕೇಳಿದ್ದಾರೆ.

ಆ ಕಾಗದಗಳಿಂದ ನಕಾಶೆ ತಯಾರಾಯಿತು. ನಿಮ್ಮ ಓಣಿ ಗಟ್ಟಿ ನೆಲವೆಂದು ದಾಖಲಾಯಿತು. ಅದನ್ನು ನಂಬಿ ನಾವು ಅಲ್ಲಿಯೇ ತಗ್ಗುಶಾಲೆ ಕಟ್ಟಿದೆವು. ಬಿಸಿಲಿಗೆ ಅಂಜಿ ಅರ್ಧ ನೆಲದೊಳಗೆ ಇಳಿಸಿದ ಶಾಲೆಗೆ ನಾವು ಹಾಗೆನ್ನುತ್ತೇವೆ. ಬೆಳಿಗ್ಗೆ ಒಳಗೆ ಹೋದ ಮಕ್ಕಳು ಹೊತ್ತು ಇಳಿದ ಮೇಲೆಯೇ ಹೊರಬರುತ್ತಾರೆ. ಊಟ, ಆಟ ಎಲ್ಲ ಅಲ್ಲೇ. ಒಟ್ಟು ಇನ್ನೂರ ಹನ್ನೆರಡು ಮಕ್ಕಳು. ಹೋದ ವಾರ ಸಣ್ಣದೊಂದು ಕಂಪನಕ್ಕೆ ಅದರ ಗೋಡೆ ಬಿರಿಯಿತು. ಗಿಲಾವು ಮಾಡಿದರೆ ಸಾಕು, ನೆಲ ಗಟ್ಟಿಯಿದೆ ಎಂದರು ಪಂಚರು. ನಕಾಶೆ ಅವರ ಪರವಾಗಿತ್ತು.

ನಾನು ಹಳೆಯ ಕಾಗದಗಳನ್ನು ಮತ್ತೆ ಓದಿದೆ. ಭೀಮಬಾಯಿ ಎಂಬ ಆಯಿಯೂ ‘ಇಲ್ಲ’ ಎಂದೇ ಗುರುತು ಹಾಕಿ, ಕೆಳಗೆ ಹೀಗೆ ಬರೆಸಿದ್ದಾರೆ: “ಮದ್ದಿನ ಸಪ್ಪಳಕ್ಕ ದಿನಾ ಎರಡು ಭಾಂಡೆ ಬೀಳ್ತಾವ, ಇವತ್ತ ಹಲಗಿ ಮ್ಯಾಲಿನವು ಎಲ್ಲಾ ಬಿದ್ದಾವ. ಮದ್ದ ತುಂಬೋ ನನ್ನ ಗಂಡ ಅಮಾಸಿ ರಜಾ ಅಂತ ಉಂಡು ಮನ್ಯಾಗ ಮಕ್ಕೊಂಡಿದ್ದ. ಇಷ್ಟಾದ್ರೂ ಕಣ್ಣ ತೆರೀಲಿಲ್ಲ ಪುಣ್ಯಾತ್ಮ.”

ಪಂಚಾಂಗ ತೆಗೆದು ನೋಡಿದೆ. ಅಂದು ಅಮಾವಾಸ್ಯೆಯೇ. ಅಮಾವಾಸ್ಯೆಯಂದು ನಿಮ್ಮ ಖಣಿಯಲ್ಲಿ ಯಾರೂ ಮದ್ದು ಮುಟ್ಟುತ್ತಿರಲಿಲ್ಲ; ದಿನದ ರೂಢಿಯಲ್ಲಿ ಅದು ನಿಮಗೆ ಯಾರಿಗೂ ಹೊಳೆದಿಲ್ಲ. ಆ ಮಧ್ಯಾಹ್ನ ನಿಮ್ಮ ಓಣಿಯಲ್ಲಿ ನಡುಗಿದ್ದು ನೆಲವೇ. ಅದೂ ಊರಿನ ಬೇರೆಲ್ಲ ಕಡೆಗಿಂತ ಹೆಚ್ಚಾಗಿ; ಉಳಿದ ಓಣಿಗಳ ಕಾಗದಗಳಲ್ಲಿ ಒಂದೆರಡು ಭಾಂಡೆ ಬಿದ್ದದ್ದಷ್ಟೇ ಇದೆ.

ನಿಮ್ಮನ್ನು ದೂರುತ್ತಿಲ್ಲ. ಒಂದೇ ಕೋರಿಕೆ: ಇನ್ನೊಮ್ಮೆ ಯಾರಾದರೂ ಕಾಗದ ಹಿಡಿದು ಬಂದರೆ, ಯಾಕೆ ನಡುಗಿತೆಂಬುದನ್ನು ಅವರಿಗೆ ಬಿಡಿ. ಏನೇನು ಬಿತ್ತು, ಯಾರು ಎಲ್ಲಿದ್ದರು, ಅಷ್ಟನ್ನು ಬರೆಯಿರಿ.

ಇಂದು ಬೆಳಿಗ್ಗೆ ಪಂಚರು ತಗ್ಗುಶಾಲೆಗೆ ಬೀಗ ಹಾಕಿಸಿದರು. ಮಕ್ಕಳು ಸದ್ಯ ದವಸದ ಉಗ್ರಾಣದಲ್ಲಿ ಕುಳಿತಿದ್ದಾರೆ, ಸೆಕೆ ಬಹಳ. ಭೀಮಬಾಯಿಯವರಿಗೆ ತಿಳಿಸಿ: ಬೀಗದ ಆದೇಶದಲ್ಲಿ ಕಾರಣವೆಂದು ಬರೆದಿರುವುದು ಅವರ ಯಜಮಾನರ ಆ ಮಧ್ಯಾಹ್ನದ ನಿದ್ದೆ.