ಮಧ್ಯಾಹ್ನ ಎರಡರ ಗೋಡೆ

ಅಪ್ಪಾ,

ಗೆದ್ದುಬಿಟ್ಟೆ ಕಣಪ್ಪಾ! ತಂಪು ಊರಲ್ಲಿ ಮನೆ ಕೊಂಡೆ.

ಮನೆ ಕೊಳ್ಳೋರಿಗೆಲ್ಲ "ಮಧ್ಯಾಹ್ನ ಎರಡಕ್ಕೆ ಹೋಗಿ ಗೋಡೆ ಮುಟ್ಟಿ ನೋಡಿ" ಅಂತಿದ್ದ ಮೇಸ್ತ್ರಿ ನೀನು. ನಮ್ಮದನ್ನು ಮಾತ್ರ ಬೆಳಗ್ಗೆ ಏಳಕ್ಕೆ ನೋಡಿ, ಬೆಲೆ ಅಗ್ಗ, ಕಂದಾಯ ಕಡಿಮೆ ಅಂತ ನೀನೇ ಕೊಂಡುಬಿಟ್ಟಿದ್ದೆ. ಇಪ್ಪತ್ತು ಬೇಸಿಗೆ ಬೆಂದೆವು.

ನಾನು ಎರಡಕ್ಕೇ ಹೋಗಿ ಗೋಡೆಗೆ ಅಂಗೈ ಒತ್ತಿದೆ.

"ಏನಮ್ಮಾ, ಗೋಡೆಗೆ ಜ್ವರಾನಾ?" ದಲ್ಲಾಳಿ ನಕ್ಕ.

"ಇಲ್ಲ, ಗುಂಡುಕಲ್ಲಿನ ಹಾಗಿದೆ" ಅಂದೆ.

ಜಾಗ ಹಳೇ ಮನೆಯ ಅರ್ಧ, ಬೆಲೆ ಎರಡರಷ್ಟು, ಕಂದಾಯ ಮೂರರಷ್ಟು. ಅಣ್ಣ "ತಲೆ ಕೆಟ್ಟಿದೆಯಾ?" ಅಂದ. ಕೆಡಲಿ ಬಿಡು.

ನೀನಿಲ್ಲದ ಮೂರನೇ ಬೇಸಿಗೆ ಇದು. ಈಗ ಮಧ್ಯಾಹ್ನ ಎರಡು. ಫ್ಯಾನೇ ಇಲ್ಲದೆ ಅಮ್ಮ ಗೊರಕೆ ಹೊಡೀತಿದ್ದಾಳೆ. ಗೋಡೆ ಪಕ್ಕದ ತಂಪು ಜಾಗದಲ್ಲಿ ನಿನ್ನ ದಿಂಬು ಇಟ್ಟಿದ್ದಾಳೆ.